ಹದಿನೈದು ಸಹಿ

ಫರ್ಗಲ್ ಲೂಬಿ ನಮ್ಮ ಕಬ್ಬಿಣದಂಗಡಿಗೆ ಬಂದನೆಂದರೆ
ಕಿಲ್‌ಮೆನಾಕಿಗೆ ಚುನಾವಣೆ ಬಂತು.
ಬೇರೆ ದಿನ ಒಂದು ಮೊಳೆ ಕೊಳ್ಳುವವನಲ್ಲ.
ಐದು ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಗೆ,
ಟೊಪ್ಪಿಯ ಹನಿ ಬಾಗಿಲಲ್ಲೇ ಕೊಡವಿ
ಇನ್ನೂರು ಪ್ಲಾಸ್ಟಿಕ್ ಪಟ್ಟಿ ಕೇಳುತ್ತಾನೆ,
ದೀಪದ ಕಂಬಗಳಿಗೆ ತನ್ನ ಮುಖ ಕಟ್ಟಲು.

ಮುಖ ಹಳೆಯದೇ.
ಮೊದಲ ಸಲ ನಿಂತಾಗ ಗಾಲ್ವೆಯ ಸ್ಟುಡಿಯೋದಲ್ಲಿ ತೆಗೆಸಿದ್ದು,
ಕತ್ತಿನ ತುಂಬ ಟೈ, ತಲೆಯ ತುಂಬ ಕೂದಲು.
ಈಗ ಕಂಬದ ಕೆಳಗೆ ಅವನೇ ನಿಂತಿದ್ದರೂ
ಪ್ರವಾಸಿಗರು ಕೇಳುತ್ತಾರೆ: ನಿಮ್ಮ ಮಗನೇ?
ಹೌದು, ಎನ್ನುತ್ತಾನೆ. ಒಳ್ಳೆಯ ಹುಡುಗ. ಸ್ವಲ್ಪ ಹಠ.

ಪಕ್ಷವಿಲ್ಲ. ಕೇಳುವುದು ಒಂದೇ:
ಹಡಗುಕಟ್ಟೆಯ ಶೌಚಾಲಯದ ಬೀಗ ತೆಗೆಯಿರಿ.
ಕೌನ್ಸಿಲಿನವರು ಜಡಿದ ಬೀಗ ಅದು,
ಹಿತ್ತಾಳೆಯದು, ನಮ್ಮಂಗಡಿಯದೇ. ರಸೀದಿ ಇನ್ನೂ ಇದೆ.
ಊರು ಅವನಿಗೊಂದು ಅಡ್ಡಹೆಸರಿಟ್ಟಿದೆ.
ಇಲ್ಲಿ ಬರೆಯುವುದಿಲ್ಲ.
ಅವನ ತಾಯಿ ಆ ಕಟ್ಟೆಯ ಶೆಡ್ಡಿನಲ್ಲಿ
ಹತ್ತೊಂಬತ್ತು ಚಳಿಗಾಲ ಬಂಗುಡೆ ಸೀಳಿದವಳು,
ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ.
ಇದನ್ನವನು ಭಾಷಣದಲ್ಲಿ ಹೇಳುವುದಿಲ್ಲ.
ಭಾಷಣವನ್ನೇ ಮಾಡುವುದಿಲ್ಲ.

ಪಕ್ಷವಿಲ್ಲದವನಿಗೆ ಹದಿನೈದು ಸಹಿ ಬೇಕು,
ಇಲ್ಲವೇ ನೂರು ಯೂರೋ ಠೇವಣಿ.
ಅವನು ಸಹಿಗೇ ಹೊರಡುತ್ತಾನೆ.
ಮೊದಲನೆಯದು ಯಾವಾಗಲೂ ನನ್ನದು,
ಆಮೇಲೆ ದಾದಿ ಅಟ್ರಾಕ್ಟ, ಗೋರಿ ತೋಡುವ ಕಾರ್ಮಾಕ್,
ಹೀಗೆ ಮಳೆಯಲ್ಲಿ ಮನೆಯಿಂದ ಮನೆಗೆ
ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು.

ಐದನೆಯ ಸಲದ ಎಣಿಕೆಗೆ ನಾನೂ ಹೋಗಿದ್ದೆ.
ಶಾಲೆಯ ಆಟದ ಹಾಲ್, ನೆಲದಲ್ಲಿ ಬ್ಯಾಸ್ಕೆಟ್‌ಬಾಲ್ ಗೆರೆ,
ಕಟಕಟೆಗೆ ಆತು ಪೆನ್ಸಿಲ್ ಕಚ್ಚಿಕೊಂಡ ಪಕ್ಷದ ಹುಡುಗರು.
ಸಹಿ ಹಾಕಿದವರು ಹದಿನೈದು, ತಾನೂ ಸೇರಿ ಹದಿನಾರು,
ಬೇರೆ ಯಾರೂ ಹಾಕದಿದ್ದರೂ ಅಷ್ಟಾದರೂ ಬರಬೇಕು.
ಬಂದದ್ದು ಹದಿನಾಲ್ಕು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು
ಅವನಿಗೆ ಮೀಸೆಯೂ ಇರಲಿಲ್ಲ.
ಮೊದಲ ಸುತ್ತಿಗೇ ಹೊರಗೆ.
ಇಲ್ಲಿನ ಪದ್ಧತಿಯಲ್ಲಿ ಸೋತವನ ಮತ ಸಾಯುವುದಿಲ್ಲ,
ಚೀಟಿಯಲ್ಲಿ ಎರಡನೆಯದೆಂದು ಗುರುತಿಸಿದವರ ಪಾಲಾಗುತ್ತದೆ.
ಗುಮಾಸ್ತೆ ರಬ್ಬರ್ ಬಳೆ ಬಿಚ್ಚಿದಳು,
ಮನೆ ಮುರಿದಾಗ ಮಕ್ಕಳನ್ನು
ನೆಂಟರ ಮನೆಗಳಿಗೆ ಹಂಚಿದ ಹಾಗೆ
ಹಂಚಿದಳು: ಇವರಿಗೆ ನಾಲ್ಕು, ಅವರಿಗೆ ಏಳು.
ಅವನು ನೋಡುತ್ತ ನಿಂತಿದ್ದ,
ಎಲ್ಲರೂ ಸೇರಬೇಕಾದಲ್ಲಿ ಸೇರಿದರೋ ಎಂದು.

ನನ್ನ ಚೀಟಿ ಆ ಹದಿನಾಲ್ಕರಲ್ಲಿ ಇರಲಿಲ್ಲ.
ಆ ವರ್ಷ ಗೋದಾಮು ದೊಡ್ಡದು ಮಾಡಬೇಕಿತ್ತು,
ಪರವಾನಗಿ ಕೊಡಿಸುವವನು ಬೇರೆ ಇದ್ದ.
ಮರೆಯೊಳಗೆ ನಾನು, ದಾರಕ್ಕೆ ಕಟ್ಟಿದ ಪೆನ್ಸಿಲ್,
ಒಂದು ನಿಮಿಷವೂ ಆಗಲಿಲ್ಲ.
ಇನ್ನೊಬ್ಬ ಯಾರೋ ಇದ್ದಾನಲ್ಲ,
ನಾನೊಬ್ಬನೇ ಅಲ್ಲವಲ್ಲ,
ಎಂಬ ಸಮಾಧಾನದಲ್ಲೇ ಐದು ವರ್ಷ ಕಳೆಯಿತು.

ಆರನೆಯ ಸಲ ಸೋತ ಮರುದಿನ
ಏಣಿ ಹಿಡಿಯಲು ಕರೆದ.
ಏಳು ದಿನದೊಳಗೆ ಫಲಕ ಇಳಿಸಬೇಕೆಂದು ಕಾನೂನು,
ಗೆದ್ದವರದು ಜುಲೈವರೆಗೂ ನೇತಾಡುತ್ತಿರುತ್ತದೆ.
ಮೇಲೆ ಪಟ್ಟಿ ಕತ್ತರಿಸುತ್ತ, ಗಾಳಿಗೆ ಹೇಳಿದಂತೆ ಹೇಳಿದ:
"ನನಗೆ ನಾನು ಯಾವತ್ತೂ ಹಾಕಿಕೊಂಡಿಲ್ಲ, ಗೊತ್ತಾ.
ಪಂಕ್ತಿಯಲ್ಲಿ ಕೂತು
ತನ್ನೆಲೆಗೆ ತಾನೇ ಬಡಿಸಿಕೊಂಡ ಹಾಗಾಗುತ್ತೆ."

ಏಣಿ ಹಿಡಿದೇ ಲೆಕ್ಕ ಹಾಕಿದೆ.
ಹದಿನಾರರಲ್ಲಿ ಅವನನ್ನು ಕಳೆದೆ.
ಏಣಿ ಅಲುಗಿತು.
ಗಟ್ಟಿ ಹಿಡಿ, ಎಂದ. ಅಷ್ಟೇ.

ಈ ಏಪ್ರಿಲ್, ಏಳನೆಯ ಸಲ.
ಟೊಪ್ಪಿ ಕೊಡವಿದ. ಕಾಗದ ಒದ್ದೆಯಾಗಿರಲಿಲ್ಲ.
ಮೊದಲ ಗೆರೆ ಎಂದಿನಂತೆ ಖಾಲಿ ಬಿಟ್ಟಿದ್ದ.
ಸಹಿ ಮಾಡಿದೆ, ನನ್ನ ಹೆಸರು ನನಗೇ
ಯಾರದೋ ಕೈಬರಹದಂತೆ ಕಂಡಿತು.
ಪಟ್ಟಿಗೆ ದುಡ್ಡು ಬೇಡ ಎಂದೆ.
ಕೇಳಿಸದವನಂತೆ
ಕೌಂಟರಿನ ಮೇಲೆ ನಾಣ್ಯಗಳನ್ನು
ಒಂದೊಂದಾಗಿ ಎಣಿಸತೊಡಗಿದ.